ಪೊಲೀಸ್ ತರಬೇತಿ ಪಠ್ಯದಲ್ಲಿ ‘ಸಮುದಾಯ’, ‘ಒಡನಾಟ’, ‘ನಂಬಿಕೆ’: ಒಂದು ಪದಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಸೇವೆಯಲ್ಲಿರುವ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್ ಮತ್ತು ಸಹಾಯಕ ಸಬ್‌ಇನ್‌ಸ್ಪೆಕ್ಟರ್‌ಗಳಿಗೆ (ಎಎಸ್‌ಐ) ಮೂರು ದಿನಗಳ ಮರುತರಬೇತಿ ಕೊಡಲು ಸಿದ್ಧವಾದ ಇಂಗ್ಲಿಷ್ ಪಠ್ಯವೊಂದನ್ನು ಕನ್ನಡಕ್ಕೆ ತರುವ ಕೆಲಸ ಕೆಲವು ತಿಂಗಳಿಂದ ನನ್ನ ಮೇಜಿನ ಮೇಲಿದೆ. ಒಳಗಿನ ಪುಟಗಳು ಹೇಗೋ ಸಾಗಿವೆ. ತಲೆಬರಹ ಮಾತ್ರ ಸಾಗುತ್ತಿಲ್ಲ. ನನಗಿಂತ ಮೊದಲು ಯಾರೋ ಮಾಡಿಟ್ಟಿದ್ದ ಕರಡಿನಲ್ಲಿ ಅದು ‘ಸಮುದಾಯದೊಂದಿಗೆ ತೊಡಗಿಸಿಕೊಳ್ಳುವಿಕೆಯ ಮೂಲಕ ವಿಶ್ವಾಸ ನಿರ್ಮಾಣ’ ಎಂದಿದೆ. ಇದರಲ್ಲಿ ವ್ಯಾಕರಣದೋಷವಿಲ್ಲ, ಎಲ್ಲ ಪದಗಳೂ ನಿಘಂಟಿನಲ್ಲಿ ಸಿಗುತ್ತವೆ. ಆದರೂ ಇದನ್ನು ಓದಿದ ಕಾನ್‌ಸ್ಟೆಬಲ್‌ಗೆ ನಾಳೆ ತನ್ನ ಬೀಟಿನಲ್ಲಿ, ಅಂದರೆ ತನಗೆ ಗಸ್ತಿಗೆ ವಹಿಸಿದ ಜಾಗದಲ್ಲಿ, ಏನು ಮಾಡಬೇಕೆಂಬುದು ತಿಳಿಯುವುದಿಲ್ಲ, ಅಥವಾ ನಾವು ಹೇಳದೆ ಇರುವುದೇನೋ ತಿಳಿಯುತ್ತದೆ.

ಈ ಅನುಮಾನ ಗಟ್ಟಿಯಾದದ್ದು ತರಗತಿಯಲ್ಲಿ. ಕರಡು ಓದುಗರಿಗೆ ಹೇಗೆ ತಾಕುತ್ತದೆಂದು ನೋಡಲು ತರಬೇತಿ ಶಾಲೆಯೊಂದರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಬೋಧಕರು ತಲೆಬರಹವನ್ನು ಹಲಗೆಯ ಮೇಲೆ ಬರೆದು, “ನಿಮ್ಮ ಬೀಟಿನಲ್ಲಿ ಸಮುದಾಯದ ಜೊತೆ ಹೇಗೆ ತೊಡಗಿಸಿಕೊಳ್ಳುತ್ತೀರಿ?” ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಎದ್ದುನಿಂತು, ಯಾವ ಕುಹಕವೂ ಇಲ್ಲದೆ, “ಯಾವ ಸಮುದಾಯ ಸರ್?” ಎಂದರು. ನಾಲ್ಕಾರು ಜನ ನಕ್ಕರು. ಅವರು ನಗಿಸಲು ಕೇಳಿರಲಿಲ್ಲ.

ಕನ್ನಡದ ಮಟ್ಟಿಗೆ ಅವರ ಪ್ರಶ್ನೆಯೇ ಸರಿ. ಪತ್ರಿಕೆಯಲ್ಲಿ ‘ಎರಡು ಸಮುದಾಯಗಳ ನಡುವೆ ಘರ್ಷಣೆ’ ಎಂದು ಓದಿದಾಗ, ವೇದಿಕೆಯ ಮೇಲೆ ‘ನಮ್ಮ ಸಮುದಾಯಕ್ಕೆ ಅನ್ಯಾಯವಾಗಿದೆ’ ಎಂದು ಕೇಳಿದಾಗ ಅದು ಜಾತಿ ಇಲ್ಲವೇ ಮತ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜಾತಿ ಎನ್ನಲು ನಾಲಿಗೆ ಹಿಂಜರಿಯುವ ಕಡೆಗಳಲ್ಲೆಲ್ಲ ನಾವು ಈಚಿನ ದಶಕಗಳಲ್ಲಿ ಸಮುದಾಯ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಠಾಣೆಯೊಳಗಂತೂ ಆ ಅರ್ಥ ಇನ್ನೂ ಖಚಿತ: ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ಶಾಂತಿ ಸಭೆ ಕರೆದು, ‘ಎರಡೂ ಸಮುದಾಯದ ಮುಖಂಡರು’ ಬಂದರೇ ಎಂದು ಹಾಜರಿ ನೋಡಿ, ನಡಾವಳಿಗೆ ಸಹಿ ಹಾಕಿಸಿಕೊಳ್ಳುವುದು ಅವರ ವರ್ಷಾವಧಿ ಕೆಲಸ. ಹೀಗಿರುವಾಗ ‘ಸಮುದಾಯದೊಂದಿಗೆ ತೊಡಗಿಸಿಕೊಳ್ಳಿ’ ಎಂದರೆ, ಮುಖಂಡರನ್ನು ಕರೆಸಿ ಚಹಾ ಕೊಟ್ಟು ಕಳಿಸಿ ಎಂದೇ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಮುಖಂಡರಿಲ್ಲದವರು, ಅಂದರೆ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರು, ತಳ್ಳುಗಾಡಿಯವರು, ಪಿಜಿಯಲ್ಲಿರುವ ಹುಡುಗಿಯರು, ಆ ಪದದಿಂದ ಹೊರಗೇ ಉಳಿಯುತ್ತಾರೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ‘ಸಮುದಾಯ ಆರೋಗ್ಯ ಕೇಂದ್ರ’ ಎಂದಾಗ ಯಾರಿಗೂ ಜಾತಿಯ ನೆನಪಾಗುವುದಿಲ್ಲ. ಸಮಾಸದ ಪೂರ್ವಪದವಾಗಿ ಬಂದಾಗ ಹಳೆಯ ಅರ್ಥ ಉಳಿದು, ಪದ ಒಂಟಿಯಾಗಿ ವಿಭಕ್ತಿ ಹಚ್ಚಿಕೊಂಡು ನಿಂತಾಗ ಹೊಸ ಅರ್ಥ ಮುನ್ನುಗ್ಗುತ್ತದೆ ಎಂದು ತೋರುತ್ತದೆ. (ಸಮುದಾಯ ಭವನವೂ ಈ ಪಟ್ಟಿಗೆ ಸೇರಬೇಕಿತ್ತು, ಆದರೆ ಎಷ್ಟೋ ಭವನಗಳ ಹಣೆಯ ಮೇಲೆ ಜಾತಿಯ ಹೆಸರೇ ಇರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.) ಆದ್ದರಿಂದ ‘ಸಮುದಾಯ ಪೊಲೀಸಿಂಗ್’ ಎಂಬ ಈಗಾಗಲೇ ನಿಂತಿರುವ ಪದದ ಮೇಲೆ ನನ್ನ ತಕರಾರಿಲ್ಲ, ‘ಸಮುದಾಯದೊಂದಿಗೆ’ ಎಂಬ ರೂಪದ ಮೇಲಿದೆ.

ಬದಲಿಗೆ ಏನು? ಇಲಾಖೆಯ ಬಾಯಲ್ಲಿರುವ ಸಿದ್ಧ ಪದ ‘ಸಾರ್ವಜನಿಕರು’. 1829ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದ ರಾಬರ್ಟ್ ಪೀಲ್ ಹೆಸರಿನಲ್ಲಿ ಓಡಾಡುವ ತತ್ತ್ವಗಳಲ್ಲಿ ಪೊಲೀಸರೇ ಸಾರ್ವಜನಿಕರು, ಸಾರ್ವಜನಿಕರೇ ಪೊಲೀಸರು ಎಂಬ ಮಾತಿದೆ, ಇಂಗ್ಲಿಷ್ ಪಠ್ಯ ಅದನ್ನು ಮೊದಲ ಪುಟದಲ್ಲೇ ಎತ್ತಿಕೊಂಡಿದೆ. ಕನ್ನಡದಲ್ಲಿ ಆ ವಾಕ್ಯ ನಿಲ್ಲುವುದಿಲ್ಲ. ಏಕೆಂದರೆ ನಮ್ಮ ಠಾಣೆಯ ಭಾಷೆಯಲ್ಲಿ ಸಾರ್ವಜನಿಕರು ಎಂದರೆ ಪೊಲೀಸರಲ್ಲದವರು, ಹಗ್ಗದ ಆಚೆ ನಿಂತವರು, ‘ಸಹಕರಿಸಬೇಕಾಗಿ ಕೋರಲಾಗಿದೆ’ ಎಂಬ ಪ್ರಕಟಣೆಯನ್ನು ಓದಿಸಿಕೊಳ್ಳುವವರು. ‘ನಿವಾಸಿಗಳು’ ಎಂದರೆ ಸ್ವಂತ ಮನೆಯುಳ್ಳ ಬಡಾವಣೆಯ ಸಂಘದವರು ಕಣ್ಣಮುಂದೆ ಬರುತ್ತಾರೆ. ‘ಊರವರು’ ನನಗೆ ಅತ್ಯಂತ ಪ್ರಿಯವಾದ ಪದ, ಆದರೆ ಬೆಂಗಳೂರಿನ ಠಾಣೆಯೊಂದರ ಸರಹದ್ದಿನಲ್ಲಿ ಊರು ಯಾವುದು? ಅಲ್ಲಿಯ ಕಾನ್‌ಸ್ಟೆಬಲ್‌ಗಳು ತಾವೇ ಬಳಸುವುದು ‘ಏರಿಯಾದವರು’ ಎಂದು. ಎಲ್ಲವನ್ನೂ ತೂಗಿ ‘ಬೀಟಿನ ಜನ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಬೀಟು ಎಂಬ ಎರವಲು ಪದ ಕಾನ್‌ಸ್ಟೆಬಲ್‌ನ ದಿನನಿತ್ಯದ ಮಾತು, ಗಸ್ತಿನಂತೆ ಅದು ಬರೀ ತಿರುಗಾಟವನ್ನು ಸೂಚಿಸದೆ ತನಗೆ ವಹಿಸಿದ ಜಾಗವನ್ನೂ ಸೂಚಿಸುತ್ತದೆ, ಆ ಜಾಗದಲ್ಲಿ ಮಲಗಿ ಏಳುವವರೆಲ್ಲ ಅದರೊಳಗೆ ಬರುತ್ತಾರೆ. ಜನರು ಪೊಲೀಸರ ಬೀಟಿಗೆ ಸೇರಿದ ಸ್ವತ್ತು ಎಂಬ ಧ್ವನಿ ಬರುತ್ತದೆಯೇ ಎಂಬ ಅಳುಕೂ ಇದೆ.

ಎರಡನೆಯದು ‘ತೊಡಗಿಸಿಕೊಳ್ಳುವಿಕೆ’. ಕನ್ನಡದಲ್ಲಿ ತೊಡಗಲು ಒಂದು ಕೆಲಸ ಬೇಕು: ಉಳುಮೆಯಲ್ಲಿ ತೊಡಗುತ್ತೇವೆ, ಓದಿನಲ್ಲಿ ತೊಡಗುತ್ತೇವೆ. ಮನುಷ್ಯರೊಂದಿಗೆ ತೊಡಗಿಸಿಕೊಳ್ಳುವುದು ನಮ್ಮ ಭಾಷೆಯಲ್ಲಿ ಇರಲಿಲ್ಲ, ಅನುವಾದದ ಕಡತಗಳಿಂದ ಈಚೆಗೆ ಹುಟ್ಟಿಕೊಂಡಿದೆ. ‘ಸಹಭಾಗಿತ್ವ’ ಎಂದರೆ ಗುತ್ತಿಗೆಯ ವಾಸನೆ. ‘ಜನಸಂಪರ್ಕ’ ಈಗಾಗಲೇ ಸಭೆಯ ಹೆಸರಾಗಿಬಿಟ್ಟಿದೆ. ಬೆಂಗಳೂರಿನ ಠಾಣೆಗಳಲ್ಲಿ ನಡೆಯುವ ಮಾಸಿಕ ಜನಸಂಪರ್ಕ ದಿವಸವನ್ನು ಬಲ್ಲವರಿಗೆ ಸಂಪರ್ಕ ಎಂದರೆ ಕುರ್ಚಿ, ಮೈಕು, ಅಹವಾಲು.

ಪಠ್ಯ ನಿಜವಾಗಿ ಹೇಳಹೊರಟದ್ದು ಅದಕ್ಕಿಂತ ಸಣ್ಣದು, ಅದಕ್ಕಿಂತ ಕಷ್ಟದ್ದು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಯ ತುದಿಯ ಚಿಲ್ಲರೆ ಅಂಗಡಿಯ ಗೋಡೆಗೆ ಪ್ಲಾಸ್ಟಿಕ್ ಚೀಲವೊಂದರಲ್ಲಿ ಬೀಟ್ ಪುಸ್ತಕ ತೂಗುಹಾಕಿತ್ತು. ರಾತ್ರಿ ಬಂದ ಕಾನ್‌ಸ್ಟೆಬಲ್ ಬೈಕನ್ನು ನಿಲ್ಲಿಸುತ್ತಿದ್ದರು, ಎಂಜಿನ್ ಆರಿಸುತ್ತಿರಲಿಲ್ಲ. ಸಮಯ ಬರೆದು, ಸಹಿ ಹಾಕಿ, ಪುಸ್ತಕವನ್ನು ಚೀಲಕ್ಕೆ ತುರುಕಿ ಹೊರಟುಬಿಡುತ್ತಿದ್ದರು. ಆಮೇಲೆ ಬಂದ ಇನ್ನೊಬ್ಬರು ಎಂಜಿನ್ ಆರಿಸುತ್ತಿದ್ದರು. ವ್ಯತ್ಯಾಸ ಇಷ್ಟೇ. ಎಂಜಿನ್ ಆರಿದ ಮೇಲೆ ಅಂಗಡಿಯಾಕೆ ಏನಾದರೂ ಒಂದು ಮಾತು ಆಡಲೇಬೇಕಾಗುತ್ತಿತ್ತು, ಆಡುತ್ತಿದ್ದರು. ಮೂರನೆಯ ಮನೆಯ ಬಾಡಿಗೆಯವರು ಖಾಲಿ ಮಾಡಿದ್ದು, ಬೀದಿದೀಪ ಕೆಟ್ಟದ್ದು, ಮಗನ ಮೇಲಿನ ಸಿಟ್ಟು. ಪುಸ್ತಕದಲ್ಲಿ ಮಾತ್ರ ಇಬ್ಬರ ಸಹಿಯೂ ಒಂದೇ ತರಹ ಕಾಣುತ್ತಿತ್ತು. ಈ ಎಂಜಿನ್ ಆರಿಸುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ ಎಂಬುದೇ ನನ್ನ ಪ್ರಶ್ನೆ.

‘ಒಡನಾಟ’ ನನ್ನ ಮೊದಲ ಉತ್ತರ. ಒಡನೆ ಆಡುವುದು, ಜೊತೆಗೆ ಓಡಾಡುವುದು. ಇದರಲ್ಲಿ ಕಾಲದ ಉದ್ದ ಅಡಗಿದೆ, ಒಂದೇ ದಿನದ ಒಡನಾಟ ಎಂದು ಯಾರೂ ಹೇಳುವುದಿಲ್ಲ. ತೊಂದರೆಯೆಂದರೆ ಅದರಲ್ಲಿ ಸಮಾನರ ಗೆಳೆತನದ ಬಣ್ಣ ಹೆಚ್ಚು. ಇನ್ನೊಂದು ಪದ ‘ಬಳಕೆ’: ‘ಅವರಿಗೂ ನಮಗೂ ಹೋಗಿಬರುವ ಬಳಕೆ ಇದೆ’ ಎಂಬಲ್ಲಿಯ ಬಳಕೆ. ಸ್ನೇಹವೆಂದೇನೂ ಅಲ್ಲದ, ಆದರೆ ಕಷ್ಟಕ್ಕೆ ಬಾಗಿಲು ತಟ್ಟಬಹುದಾದ ಪರಿಚಯಕ್ಕೆ ಇದಕ್ಕಿಂತ ಹದವಾದ ಪದ ನನಗೆ ಹೊಳೆದಿಲ್ಲ. ಈಗಿನ ಓದುಗನಿಗೆ ಬಳಕೆ ಎಂದರೆ ಬಳಸುವುದು ಮಾತ್ರ. ‘ಜನರ ಬಳಕೆ’ ಎಂದರೆ ಜನರನ್ನು ಉಪಯೋಗಿಸಿಕೊಳ್ಳುವುದು ಎಂದಾಗಿ, ಪೊಲೀಸ್ ಪಠ್ಯದಲ್ಲಿ ಮಾಹಿತಿದಾರರ ಅಧ್ಯಾಯದಂತೆ ಕೇಳಿಸುತ್ತದೆ. ‘ಸಲಿಗೆ’ಯನ್ನು ಬೋಧಕರೇ ಬೇಡವೆಂದರು, ಅವರು ಹೇಳಿದ್ದು ಸರಿ. ಸಲಿಗೆ ಇರುವೆಡೆ ಮಾಮೂಲಿಯೂ ಬಂದು ಕೂರುತ್ತದೆ.

ಹಳೆಯ ಪದವೊಂದನ್ನು ಎತ್ತಿಕೊಳ್ಳುವ ಆಸೆಯೂ ನನಗಿತ್ತು. ಊರ ಕಾವಲಿನ ತಳವಾರ ಊರನ್ನು ಮನೆಮನೆಯಾಗಿ ಬಲ್ಲವನು. ಹಳಗನ್ನಡದ ತಳಾರನೂ ಅವನ ಪೂರ್ವಿಕನೇ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ತಳಾರನ ಹೆಸರು ಯಮದಂಡ ಎಂದಿರುವುದನ್ನು ನೋಡಿದರೆ ಅಂದಿಗೂ ಜನಸ್ನೇಹ ಅಷ್ಟಕ್ಕಷ್ಟೇ ಎನಿಸುತ್ತದೆ. ಆದರೆ ತಳವಾರಿಕೆ ವಂಶಪಾರಂಪರ್ಯದ ಗ್ರಾಮಸೇವೆಯಾಗಿ ಜಾತಿಗೆ ಅಂಟಿಕೊಂಡಿತ್ತು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅದನ್ನು ತೆಗೆದುಹಾಕಿತು, ಆ ಪದ ಇಂದು ಒಂದು ಜನವರ್ಗದ ಹೆಸರು. ಹಾಗಾಗಿ ಅದನ್ನು ಮುಟ್ಟಲಿಲ್ಲ.

ನೆರೆಯವರು ಏನು ಮಾಡಿದ್ದಾರೆಂದೂ ನೋಡಿದೆ. ಕೇರಳದಲ್ಲಿ 2008ರಲ್ಲಿ ಆರಂಭವಾದ ಸಮುದಾಯ ಪೊಲೀಸಿಂಗ್ ಯೋಜನೆಗೆ ‘ಜನಮೈತ್ರಿ’ ಎಂದು ಹೆಸರಿಟ್ಟರು, ಮಲಯಾಳದಲ್ಲಿ ಅದು ಚೆಂದವಾಗಿದೆ. ಕನ್ನಡದಲ್ಲಿ ಮೈತ್ರಿ ಎಂದರೆ ಸರ್ಕಾರ ಉರುಳುವ ಸಂಗತಿ. ನಮ್ಮಲ್ಲಿ ಠಾಣೆಯ ಫಲಕಗಳ ಮೇಲಿರುವ ‘ಜನಸ್ನೇಹಿ’ಯಲ್ಲಿ ಸ್ನೇಹಿ ಎಂಬುದು ಪರಿಸರಸ್ನೇಹಿ, ಬಳಕೆದಾರಸ್ನೇಹಿಗಳ ಬಳಗದ್ದು, ವಸ್ತುವಿನ ಗುಣ ಹೇಳುವ ಪ್ರತ್ಯಯ. ಶಾಲಾ ಮಕ್ಕಳನ್ನು ಠಾಣೆಗೆ ಕರೆಸಿಕೊಳ್ಳುವ ‘ತೆರೆದ ಮನೆ’ ಇಂಗ್ಲಿಷಿನ ಪಡಿಯಚ್ಚಾದರೂ, ಮಕ್ಕಳು ಬರುತ್ತಾರೆಂಬ ಕಾರಣಕ್ಕೆ ನನಗೆ ಇಷ್ಟವಾಯಿತು. 2025ರಲ್ಲಿ ರಾಜ್ಯದಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರು ಎಲ್ಲಕ್ಕಿಂತ ಸರಳ ಕನ್ನಡ, ಅದರ ಅಪಾಯವೂ ಅಲ್ಲೇ. ‘ಅವರ ಮನೆಗೆ ಪೊಲೀಸರು ಬಂದಿದ್ದರಂತೆ’ ಎಂಬ ವಾಕ್ಯವನ್ನು ನಾವು ತಗ್ಗಿದ ದನಿಯಲ್ಲೇ ಹೇಳುತ್ತೇವೆ. ಮರ್ಯಾದಸ್ಥರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಬೆಳೆದವರು ನಾವು. ಹೆಸರು ಚೆನ್ನಾಗಿದ್ದರೂ ಬಾಗಿಲು ತೆರೆದವಳ ಎದೆ ಮೊದಲು ಧಸಕ್ಕೆನ್ನುತ್ತದೆ ಎಂಬುದನ್ನು ತರಬೇತಿ ಹೇಳಿಕೊಡಬೇಕು.

ಈಗ ‘ವಿಶ್ವಾಸ’. ಸಂಸ್ಕೃತದಲ್ಲಿ ಹೇಗೇ ಇರಲಿ, ಕನ್ನಡದಲ್ಲಿ ಅದು ಪ್ರೀತಿಯ ಜೋಡಿ: ‘ಪ್ರೀತಿ ವಿಶ್ವಾಸದಿಂದ ನಡೆದುಕೊಂಡರು’, ‘ವಿಶ್ವಾಸ ಇರಲಿ’. ಪೊಲೀಸರ ಮೇಲೆ ಪ್ರೀತಿ ಬರಬೇಕೆಂದು ಪಠ್ಯ ಕೇಳುತ್ತಿಲ್ಲ. ದೂರು ಕೊಟ್ಟರೆ ಬರೆದುಕೊಳ್ಳುತ್ತಾರೆ, ಹೇಳಿದ್ದನ್ನು ಎದುರು ಪಕ್ಷಕ್ಕೆ ತಲುಪಿಸುವುದಿಲ್ಲ ಎಂಬಷ್ಟನ್ನೇ ಕೇಳುತ್ತಿದೆ. ಅದು ‘ನಂಬಿಕೆ’. ಠಾಣೆಯವರಿಗೆ ಈ ಪದ ಹೊಸದೂ ಅಲ್ಲ. ‘ನಂಬಿಕೆ ದ್ರೋಹ’ ಅವರು ದಿನವೂ ಬರೆಯುವ ಮಾತು, ಮೊದಲು ಭಾರತೀಯ ದಂಡ ಸಂಹಿತೆಯ 406, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316.

ನಂಬಿಕೆಗೆ ಯಾವ ಕ್ರಿಯಾಪದ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ನಂಬು ಧಾತುವಿನ ಪ್ರೇರಣಾರ್ಥಕ ‘ನಂಬಿಸು’ ಸಹಜವಾಗಿ ಬರಬೇಕಿತ್ತು, ಆದರೆ ಕನ್ನಡದಲ್ಲಿ ನಂಬಿಸುವುದು ಬಹುಪಾಲು ಮೋಸದ ಮೊದಲ ಹೆಜ್ಜೆ. ‘ಮದುವೆಯಾಗುವುದಾಗಿ ನಂಬಿಸಿ’, ‘ಹಣ ದುಪ್ಪಟ್ಟು ಮಾಡಿಕೊಡುವುದಾಗಿ ನಂಬಿಸಿ’ ಎಂದು ದೂರುಗಳಲ್ಲಿ ಅದೇ ಪೊಲೀಸರು ಬರೆಯುತ್ತಾರೆ. ‘ನಿರ್ಮಾಣ’ವೂ ಆಗದು. ‘ಜನಕ್ಕೆ ಪೊಲೀಸರ ಮೇಲೆ ನಂಬಿಕೆ ಬಂತು’ ಎಂಬ ನಮ್ಮ ವಾಕ್ಯದಲ್ಲಿ ಜನ ಚತುರ್ಥಿಯಲ್ಲಿದ್ದಾರೆ, ನಂಬಿಕೆ ಬರುವುದು ಅವರಿಗೆ, ತಾನಾಗಿ, ತನ್ನ ಹೊತ್ತಿಗೆ. ಪೊಲೀಸರು ಕರ್ತೃವಾಗಲು ಈ ವಾಕ್ಯ ಜಾಗವನ್ನೇ ಕೊಟ್ಟಿಲ್ಲ. ಈ ವಿಷಯದಲ್ಲಿ ನಮ್ಮ ವ್ಯಾಕರಣ ಇಂಗ್ಲಿಷ್ ಪಠ್ಯಕ್ಕಿಂತ ಪ್ರಾಮಾಣಿಕವೆನಿಸುತ್ತದೆ: ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ ಈ ಆರು ದೇಶಗಳಲ್ಲಿ ಸಮುದಾಯ ಪೊಲೀಸಿಂಗನ್ನು ಪ್ರಯೋಗಕ್ಕೆ ಒಡ್ಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ನಂಬಿಕೆ ಹೆಚ್ಚಿದ್ದು ಕಾಣಲಿಲ್ಲ. ‘ಗಳಿಸು’ ಎಂಬ ಕ್ರಿಯಾಪದ ಮಾತ್ರ ಪೊಲೀಸರಿಗೂ ದುಡಿಮೆ ಹಚ್ಚಿ, ಫಲವನ್ನು ಜನರ ಕೈಯಲ್ಲೇ ಬಿಡುತ್ತದೆ.

ಕೊನೆಯದಾಗಿ ಒಂದು ಉಪಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಮೊದಲಾದವರು ಬೆಳೆಸಿದ ವಿಚಾರವೊಂದು ಪಠ್ಯದ ಬೆನ್ನೆಲುಬು: ತೀರ್ಪು ತನಗೆ ವಿರುದ್ಧವಾದರೂ, ತನ್ನ ಮಾತು ಕೇಳಿಸಿಕೊಂಡು ಮರ್ಯಾದೆಯಿಂದ, ಪಕ್ಷಪಾತವಿಲ್ಲದೆ ವರ್ತಿಸಿದವರನ್ನು ಮನುಷ್ಯ ಒಪ್ಪುತ್ತಾನೆ ಎಂಬುದು. ಕರಡಿನಲ್ಲಿ ಇದು ‘ಕಾರ್ಯವಿಧಾನದ ನ್ಯಾಯ’. ನಾನು ‘ನಡೆಸಿಕೊಳ್ಳುವ ರೀತಿ’ ಎಂದು ತಿದ್ದಿದ್ದೇನೆ, ಏಕೆಂದರೆ ಠಾಣೆಯಿಂದ ಹೊರಬಂದವರು ಹೇಳುವುದು ‘ಚೆನ್ನಾಗಿ ನಡೆಸಿಕೊಂಡರು’ ಅಥವಾ ‘ಏಕವಚನದಲ್ಲಿ ಮಾತಾಡಿದರು’ ಎಂಬ ಎರಡೇ ಮಾತು. ವ್ಯಾಕರಣದ ಪಾರಿಭಾಷಿಕವೊಂದು ಅವಮಾನದ ಹೆಸರಾಗಿರುವ ಭಾಷೆಯಲ್ಲಿ ‘ಗೌರವಯುತ ಭಾಷೆ ಬಳಸಿ’ ಎಂದು ಬರೆದು ಸುಮ್ಮನಾಗುವುದು ಸಾಲದು. ‘ನೀವು’ ಎನ್ನಿ ಎಂದೇ ಬರೆದಿದ್ದೆ. ಆಗ ಧಾರವಾಡ ಕಡೆಯ ಎಎಸ್‌ಐ ಒಬ್ಬರು, “ಮುದುಕಿಗೆ ‘ಯಾಕವ್ವಾ, ಏನಾತು’ ಅನ್ನೂದ ಬಿಟ್ಟು ‘ತಾವು ಯಾಕೆ ಬಂದಿದ್ದೀರಿ’ ಅಂದ್ರ ಆಕಿ ಹೆದರಿ ಹೊಳ್ಳಿ ಹೋಗ್ತಾಳ್ರೀ” ಎಂದರು. ಅವರ ಮಾತನ್ನು ಹಾಗೆಯೇ ಪಠ್ಯದ ಅಂಚಿನಲ್ಲಿ ಸೇರಿಸಿದ್ದೇನೆ.

ಸದ್ಯಕ್ಕೆ ತಲೆಬರಹ ‘ಬೀಟಿನ ಜನರೊಡನೆ ಒಡನಾಟ: ನಂಬಿಕೆ ಗಳಿಸುವ ಬಗೆ’ ಎಂದಿದೆ. ‘ಬಳಕೆ’ ಪರಿಚಯದ ಅರ್ಥದಲ್ಲಿ ತಮ್ಮ ಕಡೆಯ ಆಡುಮಾತಿನಲ್ಲಿ ಇನ್ನೂ ಉಳಿದಿದೆಯೇ, ಉಳಿದಿದ್ದರೆ ಯಾವ ವಾಕ್ಯದಲ್ಲಿ, ಮತ್ತು ‘ಏರಿಯಾದವರು’ ಎಂಬುದಕ್ಕೆ ನಗರದವರು ನಿಜವಾಗಿ ಆಡುವ ಬೇರೆ ಪದವಿದೆಯೇ ಎಂದು ತಿಳಿಸಿದರೆ, ಪಠ್ಯ ಅಚ್ಚಿಗೆ ಹೋಗುವ ಮುಂಚೆ ಪೆನ್ಸಿಲಿನ ಗುರುತನ್ನು ಅಳಿಸಿ ಬರೆಯಬಹುದು.