ಅಪ್‌ಡೇಟ್: ‘ಸೆಟಲ್ಡ್’ ಎಂದಿದ್ದ ಹಳೆಯ ಸಾಲ ಕೊನೆಗೂ ‘ಕ್ಲೋಸ್ಡ್’ ಆಯಿತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಂಗಡಿ ನಡೆಸಲೆಂದು ಪಡೆದ ವೈಯಕ್ತಿಕ ಸಾಲವನ್ನು ಕೊರೋನಾ ಕಾಲದಲ್ಲಿ ಕಟ್ಟಲಾಗದೆ, ಕಡಿಮೆ ಮೊತ್ತಕ್ಕೆ ಬ್ಯಾಂಕಿನೊಂದಿಗೆ ರಾಜಿಯಾಗಿದ್ದೆನೆಂದೂ, ಅದರಿಂದ ಸಿಬಿಲ್ (ಸಾಲಗಾರರ ದಾಖಲೆ ಇಡುವ ಸಂಸ್ಥೆ) ವರದಿಯಲ್ಲಿ ಆ ಸಾಲ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು) ಎಂದು ದಾಖಲಾಗಿ, ಸಾಲ ತೀರಿಸುವ ವಿಶ್ವಾಸಾರ್ಹತೆಯನ್ನು ಸೂಚಿಸುವ ಸಿಬಿಲ್ ಅಂಕ 571ಕ್ಕೆ ಇಳಿದಿದೆಯೆಂದೂ ಒಂದೂವರೆ ವರ್ಷದ ಹಿಂದೆ ತಿಳಿಸಿ ಸಲಹೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಈಗ ಅಂಕ 704.

ನಿಮ್ಮಲ್ಲಿ ಹಲವರು ಹೇಳಿದಂತೆ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಪೂರ್ಣ ಸಿಬಿಲ್ ವರದಿಯನ್ನು ಮೊದಲು ತರಿಸಿ ಸಾಲುಸಾಲಾಗಿ ಓದಿದೆ. ರಾಜಿಯಲ್ಲಿ ಬ್ಯಾಂಕು ಬಿಟ್ಟುಕೊಟ್ಟಿದ್ದ ಬಾಕಿಯನ್ನು ಅಡಿಕೆ ಮಾರಿದ ಹಣದಿಂದ ಪೂರ್ತಿ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದೆ. ಪತ್ರ ಮಲಯಾಳದಲ್ಲಿದ್ದುದರಿಂದ ನೆರೆಮನೆಯ ಮಾಸ್ತರರಿಂದ ಓದಿಸಿ, ಖಾತೆ ಸಂಖ್ಯೆಯೂ ಮೊತ್ತವೂ ಸರಿಯಿವೆಯೆಂದು ಖಚಿತಪಡಿಸಿಕೊಂಡೆ. ಗಡಿನಾಡಿನ ಕನ್ನಡಿಗರು ಈ ಎಚ್ಚರಿಕೆಯನ್ನು ತಪ್ಪಿಸಬಾರದು.

ಎರಡು ತಿಂಗಳಾದರೂ ವರದಿ ಬದಲಾಗದಿದ್ದಾಗ, ಪತ್ರದ ಪ್ರತಿಯನ್ನು ಲಗತ್ತಿಸಿ ಸಿಬಿಲ್‌ಗೂ ಬ್ಯಾಂಕಿಗೂ ದೂರು ಸಲ್ಲಿಸಿದೆ. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ದೂರಿನಲ್ಲಿ ಉಲ್ಲೇಖಿಸಿದ್ದೆ. 24ನೆಯ ದಿನ ವರದಿ ತಿದ್ದುಪಡಿಯಾಗಿ, ಸಾಲ ‘ಕ್ಲೋಸ್ಡ್’ (ಪೂರ್ತಿ ತೀರಿದ್ದು) ಎಂದಾಯಿತು.

ಜೊತೆಗೆ, ಅಂಕ ಏರಿಸಿಕೊಳ್ಳಲು 20,000 ರೂಪಾಯಿಯ ನಿಶ್ಚಿತ ಠೇವಣಿಯ ಆಧಾರದಲ್ಲಿ ಕ್ರೆಡಿಟ್ ಕಾರ್ಡ್ ಪಡೆದು, ಮಿತಿಯ ಮೂರನೆಯ ಒಂದಂಶಕ್ಕಿಂತ ಕಡಿಮೆ ಬಳಸಿ, ಪ್ರತಿ ತಿಂಗಳೂ ಗಡುವಿಗೆ ಮೊದಲೇ ಪೂರ್ತಿ ಬಿಲ್ ಕಟ್ಟುತ್ತಿದ್ದೇನೆ. ಹಣ ಕೊಟ್ಟರೆ ಹಳೆಯ ದಾಖಲೆ ಅಳಿಸಿಕೊಡುವೆನೆಂದು ಕರೆ ಮಾಡಿದವರನ್ನು ದೂರವಿಟ್ಟೆ, ಏಕೆಂದರೆ ಸತ್ಯವಾದ ದಾಖಲೆಯನ್ನು ಯಾರೂ ಹಾಗೆ ಅಳಿಸಲಾರರು. ಅಂಗಡಿ ವಿಸ್ತರಣೆಯ ಸಾಲಕ್ಕೆ ಇನ್ನೂ ಆರು ತಿಂಗಳು ಅರ್ಜಿ ಹಾಕುವುದಿಲ್ಲ.