ಈ ಸಲ ಎಳ್ಳಮವಾಸಿಗೆ ಅಪ್ಪನ ಹೊಲದಾಗ ಚರಗ ಯಾರು ಚೆಲ್ಲಬೇಕು?

ಡೋಣಿ ದಂಡಿ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿಜಯಪುರ ಜಿಲ್ಲೆಯ ಡೋಣಿ ಹೊಳೆ ದಂಡೆಯದು. ಮದುವೆಯಾಗಿ ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿದ್ದೇನೆ. ನಮ್ಮನೆಯವರು ಮಂಡ್ಯ ಕಡೆಯವರು, ಚರಗ, ಅಂದರೆ ಹಬ್ಬದ ಅಡುಗೆಯನ್ನ ಕಲಸಿ ಹೊಲದ ತುಂಬ ಚೆಲ್ಲೋದು, ಅನ್ನೋ ಮಾತನ್ನ ಮೊದಲು ಕೇಳಿದ್ದೇ ನನ್ನ ಬಾಯಲ್ಲಿ. ಮಗಳಿಗೆ ಈಗ ಒಂಬತ್ತು. ನಮಗೆ ಅವಳೊಬ್ಬಳೇ, ನಮ್ಮಪ್ಪನಿಗೂ ನಾನೊಬ್ಬಳೇ. ನನ್ನ ಪ್ರಶ್ನೆ ಹುಟ್ಟಿದ್ದೇ ಇಲ್ಲಿಂದ.

ಅಪ್ಪ 2025ರ ಆಗಸ್ಟ್‌ನಲ್ಲಿ ತೀರಿಕೊಂಡರು. ಆ ವರ್ಷ ಡಿಸೆಂಬರ್ 19ಕ್ಕೆ ಎಳ್ಳಮವಾಸಿ (ಮಾರ್ಗಶಿರದ ಅಮಾವಾಸ್ಯೆ) ಬಂತು, ನಮಗೆ ಹಬ್ಬ ಇರಲಿಲ್ಲ. ಈಗ ಅಪ್ಪನ ವರ್ಷ ಮುಗಿದಿದೆ. ಅಧಿಕ ಜ್ಯೇಷ್ಠ ಬಂದು ಹೋಗಿದ್ದರಿಂದ ಹಬ್ಬಗಳೆಲ್ಲ ಮುಂದೆ ಸರಿದು, ಈ ಸಲದ ಎಳ್ಳಮವಾಸಿ 2027ರ ಜನವರಿ 7, ಗುರುವಾರ ಬಿದ್ದಿದೆ. ಶಾಲೆಗೆ ಎರಡು ದಿನ ರಜೆ ಹಾಕಿಸಿ ಮಗಳನ್ನ ಕರೆದುಕೊಂಡು ಹೋಗಬೇಕು ಅಂತ ಜೀವ ಹೊಡಕೊಳ್ತಿದೆ.

ಹೊಲ ಆರು ಎಕರೆ, ಕಪ್ಪು ಎರಿ ಮಣ್ಣು. "ಡೋಣಿ ಬೆಳೆದರ ಓಣೆಲ್ಲ ಜೋಳ" ಅಂತಾರಲ್ಲ, ಅಂಥ ಭೂಮಿ. ಅಪ್ಪ ನಾಲ್ಕು ಎಕರೆ ಬಿಳಿಜೋಳ ಹಾಕ್ತಿದ್ದರು, ಉಳಿದದ್ದಕ್ಕೆ ಕಡಲೆ, ಅಕ್ಕಡಿ ಸಾಲಿಗೆ ಕುಸುಬಿ. ಎಳ್ಳಮವಾಸಿ ಹೊತ್ತಿಗೆ ಜೋಳ ತೆನೆ ಹಿರಿದಿರೋದು, ಕುಸುಬಿ ಮುಳ್ಳು ಲಂಗಕ್ಕೆ ಚುಚ್ಚೋದು. ಅವ್ವ ಮೂರು ದಿನ ಮೊದಲೇ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿದು ಒಣಗಿಸ್ತಿದ್ದಳು. ಹಬ್ಬದ ದಿನ ನಸುಕಿನಾಗೆದ್ದು ಶೇಂಗಾ ಹೋಳಿಗಿ, ಕರ್ಚಿಕಾಯಿ, ಎಣ್ಣಿಗಾಯಿ, ಮಡಕಿಕಾಳಿನ ಪಲ್ಯ, ಗುರೆಳ್ಳ ಹಿಂಡಿ. ಎಲ್ಲಾ ಬುಟ್ಟಿ ತುಂಬಿ, ಬಿಳಿ ಅರಿವೆ ಮುಚ್ಚಿ, ಕಾಕಾನ ಚಕ್ಕಡಿಯಲ್ಲಿ ಹೋಗ್ತಿದ್ವಿ. ಎತ್ತಿನ ಕೊರಳ ಗೆಜ್ಜೆಸರದ ಸಪ್ಪಳಕ್ಕೆ ನಾನು ಊರ ದಾಟೋದ್ರೊಳಗೆ ನಿದ್ದೆ ಹೋಗ್ತಿದ್ದೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು, ಪಾಂಡವರು ಅಂತ. ತೊಳೆದು ಸುಣ್ಣ ಹಚ್ಚಿ, ಹಸಿರು ಖಣ ಏರಿಸಿ, ಎಡಿ (ನೈವೇದ್ಯ) ಹಿಡಿದು ಆಮೇಲೆ ಚರಗ.

ಅಪ್ಪ ಬುಟ್ಟಿ ಹಿಡಿದು ಮುಂದೆ, ಕಾಕಾನ ಮಗ ನೀರಿನ ತಂಬಿಗೆ ಹಿಡಿದು ಹಿಂದೆ. ಅಪ್ಪ "ಹುಲ್ಲುಲ್ಲಿಗೋ" ಅಂದರೆ ಅವನು "ಚಲ್ಲಾಂಬರಿಗೋ" ಅನ್ನೋನು. ಜೋಳದೊಳಗೆ ಹೊಕ್ಕರೆ ಇಬ್ಬರೂ ಕಾಣ್ತಿರಲಿಲ್ಲ, ಕೂಗು ಮಾತ್ರ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಸರೀತಿತ್ತು. ನಾನು ಬನ್ನಿ ಗಿಡದ ಕೆಳಗೆ ಹೆಂಗಸರ ಜೊತೆ. ಹತ್ತು ವರ್ಷದವಳಿದ್ದಾಗ ಹಟ ಹಿಡಿದೆ. ಅಪ್ಪ ತಂಬಿಗೆ ಕೊಟ್ಟರು. ಮೊದಲ ಬದು ಮುಟ್ಟೋದ್ರೊಳಗೆ ಕಾಕಾ "ಹೆಣ್ಣುಮಕ್ಕಳ ಕೆಲಸಲ್ಲ ಅದು" ಅಂತ ಕೂಗಿದ. ಅಪ್ಪ ಏನೂ ಅನ್ನದೆ ತಂಬಿಗೆ ವಾಪಸ್ ತಗೊಂಡರು. ಅವತ್ತು ಅವರ ಮುಖ ನೋಡಿದ್ದು ಇನ್ನೂ ಕಣ್ಣೊಳಗಿದೆ.

ಈಗ ಹೊಲ ಪಾಲಿಗೆ ಕೊಟ್ಟಿದ್ದೇವೆ, ನಮ್ಮ ಓಣಿಯವರೇ ಮಾಡ್ತಾರೆ. ನಾವು ಬಿತ್ತದ ಹೊಲಕ್ಕೆ ನಾವು ಚರಗ ಚೆಲ್ಲಬಹುದಾ? ಚೆಲ್ಲೋದಾದರೆ ಯಾರು? ಮಗಳ ಕೈಲಿ ಚೆಲ್ಲಿಸಬೇಕು ಅನ್ನೋದು ನನ್ನಾಸೆ. ಅವ್ವ ಊರಲ್ಲೇ ಇದ್ದಾಳೆ, ಫೋನ್ ಮಾಡಿದರೆ "ಅವರಿಲ್ದ ಹೊಲಕ್ಕ ಹೆಂಗ ಹೋಗೂದವ್ವಾ, ನೀವ ಹೋಗಿ ಬರ್ರಿ" ಅಂತಾಳೆ. ಅವಳನ್ನ ಬಿಟ್ಟು ಹೋಗಲಾರೆ. ತಿಳಿದವರು ಹೇಳಿ.

ಮಲಪ್ರಭಾ ರೈತ:

ತಂಗಿ, ನಂದು ಹುನಗುಂದ ಕಡೆ. ನಿಂದು ಓದಿ ನಮ್ಮವ್ವನ ನೆನಪಾತು, ಅದನ್ನ ಹೇಳ್ತೀನಿ.

1972ರ ಬರ. ನಮ್ಮಪ್ಪ ಹೋಗಿ ಎರಡು ವರ್ಷ ಆಗಿತ್ತು. ನನಗ ಒಂಬತ್ತು, ತಮ್ಮಗ ಮೂರು. ಜೋಳ ಮೊಣಕಾಲಮಟ ಬಂದು ಅಲ್ಲೇ ಒಣಗಿ ನಿಂತಿತ್ತು. ಊರಾಗ ಭಾಳ ಮಂದಿ ಆ ವರ್ಷ ಚರಗಕ್ಕ ಹೋಗ್ಲಿಲ್ಲ, ಏನೈತಂತ ಹೋಗೂದು ಅಂದ್ರು. ನಮ್ಮವ್ವ ಹೋದ್ಲು. ಹೋಳಿಗಿ ಎಲ್ಲಿಂದ ಬರಬೇಕು? ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಬೆಲ್ಲ. ಅದನ್ನ ಕಲಸಿ ಅಕಿನ ಚೆಲ್ಲಿದ್ಲು. ನಾ ಹಿಂದ ನೀರು ಚಿಮುಕಿಸ್ಕೋತ ನಡದೆ. "ಹುಲ್ಲುಲ್ಲಿಗೋ" ಅನ್ನಾಕ ಅಕಿಗೆ ಧ್ವನಿ ಬರ್ಲಿಲ್ಲ. ಎರಡೂ ಕೂಗು ನಾನ ಕೂಗಿದೆ. ಕಡೀ ಬದುವಿನ ಮ್ಯಾಲ ಕುಂತು "ಭೂಮಿತಾಯಿ ಬಸುರಿ ಅದಾಳ ಅಂತೀವಿ. ಬಸುರಿಗೆ ಉಣಸಾಕ ಗಂಡಸ ಆಗಬೇಕೇನು?" ಅಂದ್ಲು. ಅದಾದ ಮ್ಯಾಲ ನಾ ಈ ವಿಷಯದಾಗ ಯಾರನ್ನೂ ಕೇಳಿಲ್ಲ. ಈಗ ನಮ್ಮನ್ಯಾಗ ಸೊಸಿ ಚೆಲ್ತಾಳ, ಮೊಮ್ಮಗಳು ತಂಬಿಗಿ ಹಿಡೀತಾಳ.

ಆದ್ರ ಇನ್ನೊಂದು ಮಾತು, ಇದನ್ನ ಮನಸಿಗಿ ಹಚ್ಚಿಕೋ. ಹೊಲ ನಿಂದು ಖರೆ, ಈ ವರ್ಷದ ಬೆಳಿ ಪಾಲಿಗೆ ಮಾಡಿದವರ ಬೆವರು. ಮೊದಲು ಅವರಿಗೆ ಫೋನ್ ಹಚ್ಚು. "ನಾವೂ ಬರ್ತೀವಿ, ನಿಮ್ಮ ಜೋಡಿ ಚರಗ ಚೆಲ್ತೀವಿ" ಅಂತ ಕೇಳು, ತಿಳಿಸೂದಲ್ಲ, ಕೇಳೂದು. ಆ ಮನಿ ಹೆಣ್ಣುಮಗಳಿಗೆ ಒಂದು ಖಣ, ಎಲಿ ಅಡಕಿ ಒಯ್ದು ಉಡಿ ತುಂಬು. ಬುತ್ತಿ ಎರಡೂ ಮನೀದು ಕೂಡಿಸಿ ಕಲಸ್ರಿ. ಅವ್ವನ ವಿಷಯ ಅಂದ್ರ, ಆ ಕರೆ ಬರಬೇಕಾದ್ದು ನಿನ್ನಿಂದಲ್ಲ. ಆ ಹೆಣ್ಣುಮಗಳು ಮನಿಗೆ ಬಂದು "ಬಾ ಯವ್ವಾ" ಅಂದ್ರ ಅವ್ವ ಎದ್ದು ಬರ್ತಾಳ.

ಹಿಪ್ಪರಗಿ ಹುಡುಗ:

ಅಕ್ಕಾರ, ನಮ್ಮಲ್ಲಿ ಇವತ್ತಿಗೂ ಗಂಡುಮಕ್ಕಳೇ ಚೆಲ್ಲುತ್ತಾರೆ. ಹಿರಿಯರು ಹಾಕಿದ ಸಾಲು ಅದು, ಕಾಕಾಗಳ ಮುಂದೆ ಮುರಿದರೆ ಹಬ್ಬದ ದಿನವೇ ಮಾತಿಗೆ ಮಾತು ಬೆಳೆದೀತು ಅನ್ನೋದು ನನ್ನ ಹೆದರಿಕೆ. ಅಳಿಯಂದಿರ ಕೈಗೆ ಬುಟ್ಟಿ ಕೊಡಿ, ಮಗಳು ತಂಬಿಗೆ ಹಿಡಿಯಲಿ. ನಿಮ್ಮ ಆಸೆಯೂ ಅರ್ಧ ತೀರುತ್ತೆ, ಯಾರಿಗೂ ಬೇಜಾರಾಗಲ್ಲ. ತಪ್ಪು ತಿಳೀಬ್ಯಾಡ್ರಿ.

ಬೀದರ್ ಮೇಡಂ:

ನಾನು ಬೀದರಿನವಳು. ನಮ್ಮ ಕಡೆ ಇದಕ್ಕೆ ವೇಳಾ ಅಮಾವಾಸ್ಯೆ ಅಂತೀವಿ. ಗಡಿಯಾಚೆ ಲಾತೂರಿನಲ್ಲೂ ಅದೇ ಹೆಸರು, ಅದೇ ಹಬ್ಬ. ಅವತ್ತು ಮಧ್ಯಾಹ್ನ ನಮ್ಮ ಊರಿನ ಬೀದಿಗಳಲ್ಲಿ ನಡೆದು ನೋಡಿ, ಕರ್ಫ್ಯೂ ಹಾಕಿದ ಹಾಗಿರುತ್ತೆ. ಎಲ್ಲರೂ ಹೊಲದಲ್ಲಿ. ಹೊಲ ಇಲ್ಲದವರನ್ನ, ವರ್ಗವಾಗಿ ಬಂದ ಆಫೀಸಿನವರನ್ನ, ಮಕ್ಕಳ ಟೀಚರನ್ನ, ಯಾರು ಯಾರನ್ನೋ ಕರೆಯುತ್ತಾರೆ. ನನಗೆ ಸ್ವಂತ ಹೊಲವೇ ಇಲ್ಲ, ಆದರೂ ಇಪ್ಪತ್ತು ವರ್ಷದಲ್ಲಿ ಒಂದು ವೇಳಾ ಅಮಾವಾಸ್ಯೆಯನ್ನೂ ಮನೆಯಲ್ಲಿ ಕಳೆದಿಲ್ಲ. ಹಾಗಾಗಿ "ನಾವು ಬಿತ್ತದ ಹೊಲ" ಅನ್ನೋ ಸಂಕೋಚ ನಿಮಗೆ ಬೇಡವೇ ಬೇಡ.

ನಮ್ಮಲ್ಲಿ ಜೋಳದ ಕಣಿಕೆಯಿಂದ ಪುಟ್ಟ ಕೊಂಪೆ ಕಟ್ಟಿ ಅದರೊಳಗೆ ಪಾಂಡವರನ್ನ ಕೂರಿಸುತ್ತಾರೆ. ಮಗಳಿಗೆ ಆ ಕೆಲಸ ಕೊಡಿ, ಶಹರದ ಮಕ್ಕಳು ಅದರಲ್ಲಿ ಮೈಮರೆಯುತ್ತಾರೆ. ಇನ್ನು ನಮ್ಮ ಕಡೆಯ ಭಜ್ಜಿ. ಬೆಂಗಳೂರಿನ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ ಇದು. ಹಸಿ ತೊಗರಿಕಾಳು, ಅವರೆಕಾಳು, ಹಸಿ ಕಡಲೆ, ಬಟಾಣಿ, ಮೆಂತ್ಯೆ, ಪಾಲಕ್, ಈರುಳ್ಳಿಸೊಪ್ಪು, ಬದನೆ, ಗಜ್ಜರಿ, ಆ ಹೊತ್ತಿಗೆ ಹೊಲದಲ್ಲಿ, ಸಂತೆಯಲ್ಲಿ ಏನು ಹಸಿರು ಸಿಗುತ್ತೋ ಎಲ್ಲ. ಕಾಳುಗಳನ್ನ ಮೊದಲು ಬೇಯಿಸಿ, ಸೊಪ್ಪು ಆಮೇಲೆ ಹಾಕಿ, ಹುಣಸೆಹುಳಿಗೆ ಕಡಲೆಹಿಟ್ಟು ಕದಡಿ ಸುರಿದು ಗಟ್ಟಿಯಾಗುವ ತನಕ ತಿರುವುತ್ತಾ ಕುದಿಸಬೇಕು. ಮೇಲೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ. ಸಜ್ಜೆ ರೊಟ್ಟಿ ಜೊತೆ, ಪಕ್ಕದಲ್ಲಿ ಮಣ್ಣಿನ ಗಡಿಗೆಯ ಜೋಳದ ಅಂಬಲಿ. ರಾತ್ರಿಯೇ ನೆನೆಸಿಟ್ಟ ಹಿಟ್ಟು ಸ್ವಲ್ಪ ಹುಳಿ ಬಂದಿರಬೇಕು, ಕಾಯಿಸಿ ಆರಿಸಿ ಮಜ್ಜಿಗೆ ಬೆರೆಸಿ. ಮಂಡ್ಯದವರು ರಾಗಿ ಅಂಬಲಿ ಬಲ್ಲವರು, ನಿಮ್ಮ ಮನೆಯವರಿಗೆ ಇದು ಒಂದೇ ಗುಟುಕಿಗೆ ಹಿಡಿಸುತ್ತೆ.

ಹಿಪ್ಪರಗಿ ತಮ್ಮನಿಗೆ: ನಿನ್ನ ಕಾಳಜಿ ಒಪ್ಪಿದೆ. ಆದರೆ ಆ ಮನೆಯಲ್ಲಿ ಗಂಡುಮಗನೇ ಇಲ್ಲ. ಸಾಲು ಮುಂದುವರಿಯಬೇಕು ಅಂದರೆ ಮಗಳಿಂದಲೇ ಮುಂದುವರಿಯಬೇಕು.

ಹಾವೇರಿ ಕೃಷಿ ವಿದ್ಯಾರ್ಥಿನಿ:

ನಮಗೆ ಸೀಗಿ ಹುಣ್ಣಿಮೆಯೇ ದೊಡ್ಡದು, ಮುಂಗಾರಿ ಬೆಳೆ ನಿಂತಾಗ ಚರಗ ಚೆಲ್ಲುತ್ತೇವೆ. ಅಮ್ಮ, ದೊಡ್ಡಮ್ಮ ಎಲ್ಲರೂ ಚೆಲ್ಲುತ್ತಾರೆ, ಯಾರೂ ಬೇಡ ಅಂದದ್ದು ನೋಡಿಲ್ಲ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮಗು ಹೊಲಕ್ಕೆ ಹೋದರೆ ಕಡಲೆ ಗಿಡ ಕಿತ್ತು ಹಸಿ ಕಾಳು ತಿಂದೇ ತಿನ್ನುತ್ತೆ. ಆ ಹೊತ್ತಿಗೆ ಕಡಲೆಗೆ ಕಾಯಿಕೊರಕ ಹುಳುವಿನ ಕಾಟ ಇರುತ್ತೆ, ಔಷಧಿ ಹೊಡೆದಿರುತ್ತಾರೆ. ಯಾವತ್ತು, ಏನು ಹೊಡೆದಿದ್ದಾರೆ ಅಂತ ಪಾಲಿನವರನ್ನ ಕೇಳದೆ ಒಂದು ಕಾಳೂ ಬಾಯಿಗೆ ಹೋಗಬಾರದು. ಎಲೆ ಮೇಲಿನ ಹುಳಿ ನೆಕ್ಕುವುದಂತೂ ಬೇಡ. ಸುಲಗಾಯಿ (ಹಸಿ ಕಡಲೆಕಾಯಿ) ಸುಡಬೇಕೆಂದಿದ್ದರೆ ಒಂದು ಮೂಲೆಗೆ ಔಷಧಿ ಹೊಡೆಯದೆ ಬಿಡಿ ಅಂತ ಈಗಲೇ ಹೇಳಿಡಿ.

ಚರಗಕ್ಕೆ ಹಕ್ಕಿಗಳು ಬರುತ್ತವೆ, ಬಂದವು ಹುಳುವನ್ನೂ ಹೆಕ್ಕುತ್ತವೆ. ನಮ್ಮ ಪಾಠದಲ್ಲಿ ಹಕ್ಕಿ ಕೂರಲು ಹೊಲದಲ್ಲಿ ಕವಲುಕೋಲು ನೆಡಿ ಅಂತ ಹೇಳಿಕೊಡುತ್ತಾರೆ. ಅಜ್ಜ ಪಾಠ ಇಲ್ಲದೆ ಅವಕ್ಕೆ ಊಟ ಹಾಕುತ್ತಿದ್ದರು. ಪ್ಲಾಸ್ಟಿಕ್ ತಟ್ಟೆ, ಕವರ್ ಮಾತ್ರ ಒಯ್ಯಬೇಡಿ ಅಕ್ಕ, ಎರಿ ಬಿರುಕಿನಲ್ಲಿ ಹೊಕ್ಕರೆ ಮತ್ತೆ ಸಿಗುವುದಿಲ್ಲ.

ಡೋಣಿ ದಂಡಿ ಮಗಳು:

ಎಲ್ಲರಿಗೂ ಕೈ ಮುಗಿದು ಹೇಳ್ತಿದ್ದೇನೆ, ನಿಮ್ಮಿಂದ ದೊಡ್ಡ ಉಪಕಾರ ಆಯಿತು.

ಅಣ್ಣಾರು ಹೇಳಿದಂತೆ ನಿನ್ನೆ ಪಾಲಿನವರ ಮನೆಗೆ ಫೋನ್ ಹಚ್ಚಿದೆ. ಆ ಮನೆಯ ಅಕ್ಕನೇ ಎತ್ತಿದಳು. ಕೇಳೋಕೆ ಮಾತು ಹೊಂದಿಸ್ತಿದ್ದೆ, ಅಷ್ಟರಲ್ಲಿ ಅವಳೇ "ಹೋದ ವರ್ಷನೂ ನಿಮ್ಮ ಐದು ಕಲ್ಲಿಗೆ ಸುಣ್ಣ ಹಚ್ಚೀವಿ, ಗೌಡ್ರ ಹೆಸರಿನ ಎಡಿ ಮೊದಲ ಇಟ್ಟೀವಿ, ನಿಮಗ ಹೇಳಬೇಕಂದ್ರ ಆ ಹೊತ್ನಾಗ ಫೋನ್ ಮಾಡಾಕ ಮನಸಾಗ್ಲಿಲ್ಲ" ಅಂದಳು. ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಒಂದು ವರ್ಷಕ್ಕೂ ಮೇಲಿನಿಂದ ಆ ಹೊಲ ಅಪ್ಪನಿಲ್ಲದೆ ಹಾಗೇ ಬಿದ್ದಿದೆ ಅಂತಲೇ ಅಂದುಕೊಂಡಿದ್ದೆ. ಬದುವಿನ ಕಡೆಯ ಹತ್ತು ಸಾಲು ಕಡಲೆಗೆ ಔಷಧಿ ಹೊಡೆಯಲ್ಲ ಅಂತ ಒಪ್ಪಿದ್ದಾಳೆ.

ತಮ್ಮಾ, ನೀನು ಹೇಳಿದ್ದರಲ್ಲೂ ಅರ್ಥ ಇದೆ, ತಪ್ಪು ತಿಳಿದಿಲ್ಲ. ಕಾಕಾನಿಗೆ ನಾನೇ ಮೊದಲು ಹೇಳ್ತೀನಿ, ಹೊಲದಲ್ಲಿ ದಿಢೀರ್ ಅಂತ ಅಲ್ಲ. ಅವನಿಗೂ ಈಗ ವಯಸ್ಸಾಗಿದೆ, ಅಣ್ಣನನ್ನ ಕಳಕೊಂಡ ದುಃಖ ಅವನಿಗೂ ಇದೆ.

ಜನವರಿ 5ರ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ 6ಕ್ಕೆ ಊರು ಸೇರಿ ಅವ್ವನ ಜೊತೆ ರೊಟ್ಟಿ ಬಡಿಯೋಕೆ ಒಂದು ದಿನ ಸಿಗುತ್ತೆ. ಟಿಕೆಟ್ ಅರವತ್ತು ದಿನ ಮೊದಲು ತೆರೆಯೋದು, ಅಂದರೆ ನವೆಂಬರ್ 6ರ ಬೆಳಗ್ಗೆ. ನಮ್ಮನೆಯವರು ಆಗಲೇ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಮಗಳು ಮೂರು ದಿನದಿಂದ ಮನೆ ತುಂಬ "ಚಲ್ಲಾಂಬರಿಗೋ" ಅಂತ ಕೂಗ್ತಾ ಓಡಾಡ್ತಿದ್ದಾಳೆ.

ಇವತ್ತು ಸಂಜೆ ಅವ್ವನೇ ಫೋನ್ ಮಾಡಿದ್ದಳು. ಆ ಅಕ್ಕ ಮನೆಗೆ ಹೋಗಿ ಕರೆದಿದ್ದಾಳಂತೆ. ಬರ್ತೀನಿ ಅಂತಲೂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಎಳ್ಳು ಎಷ್ಟು ತರಿಸಲಿ ಅಂತ ಕೇಳಿದಳು, ಬೆಂಗಳೂರಲ್ಲಿ ಚಳಿ ಹೇಗಿದೆ ಅಂದಳು. ಫೋನ್ ಇಡೋ ಮುಂಚೆ ಹೇಳಿದಳು: "ನಿಮ್ಮಪ್ಪನ ಬುಟ್ಟಿ ಭಾಳ ದೊಡ್ಡದೈತಿ, ಕೂಸಿಗೆ ಭಾರಾಗ್ತೈತಿ. ಬುಟ್ಟಿ ಹೆಣಿಯವರ ಕಡಿಂದ ಸಣ್ಣದೊಂದು ಮಾಡಿಸಿ ಇಡ್ತೀನಿ."