ತಂಗಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಶಿಕ್ಷಣ ಸಾಲ ತೆಗೆದುಕೊಂಡವರು ಅನುಭವ ಹೇಳಿ

ಕೇಳಿದವರು: ತಂಗಿಗೆ ಸಿಇಟಿಯಲ್ಲಿ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಬಂದಿದೆ. ಫೀಸು, ಹಾಸ್ಟೆಲು ಸೇರಿ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ ಬೇಕು. ಅಪ್ಪನಿಗೆ ಮೂರು ಎಕರೆ ಖುಷ್ಕಿ. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 90 ಸಾವಿರ ಅಂತಿದೆ, ನಾವು 2ಎ. ಒಬ್ಬರು ಎಸ್‌ಎಸ್‌ಪಿ ಅಂತಾರೆ, ಒಬ್ಬರು ಅರಿವು ಅಂತಾರೆ, ಇನ್ನೊಬ್ಬರು ವಿದ್ಯಾಲಕ್ಷ್ಮಿ ಅಂತಾರೆ. ಇದರಲ್ಲಿ ಸಾಲ ಯಾವುದು, ವಾಪಸ್ ಕಟ್ಟಬೇಕಿಲ್ಲದ್ದು ಯಾವುದು? ಮೊದಲು ಎಲ್ಲಿಗೆ ಹೋಗಬೇಕು?

ಅಂತಿಮ ವರ್ಷದ ಬಿಇ ವಿದ್ಯಾರ್ಥಿ: ಅಕ್ಕಾ, ಎಸ್‌ಎಸ್‌ಪಿ ಸಾಲ ಅಲ್ಲ. ಅದು ರಾಜ್ಯದ ವಿದ್ಯಾರ್ಥಿವೇತನಗಳಿಗೆಲ್ಲ ಇರುವ ಒಂದೇ ಪೋರ್ಟಲ್. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ ಎಲ್ಲಕ್ಕೂ ಅಲ್ಲೇ ಅರ್ಜಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ಊಟ-ವಸತಿಗೆಂದು ತಿಂಗಳಿಗೆ ಇಂತಿಷ್ಟು ಅಂತ ಹತ್ತು ತಿಂಗಳದ್ದು ಕೊಡುತ್ತಾರೆ. ಅಪ್ಪನ ಹೆಸರಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದ್ದರೆ ರೈತರ ಮಕ್ಕಳಿಗಿರುವ ರೈತ ವಿದ್ಯಾನಿಧಿಯನ್ನೂ ವಿಚಾರಿಸಿ. 2021ರಲ್ಲಿ ಶುರುವಾದಾಗ ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ ವರ್ಷಕ್ಕೆ 11,000 ನಿಗದಿ ಮಾಡಿದ್ದರು.

ಎಡವಟ್ಟಾಗುವುದು ಬ್ಯಾಂಕ್ ಖಾತೆಯಲ್ಲಿ. ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತದೆ, ದುಡ್ಡು ಮಾತ್ರ ಬರುವುದಿಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಗುರುತಾಗಿರಬೇಕು. ಎರಡು ಮೂರು ಕಡೆ ಖಾತೆ ತೆರೆದಿದ್ದರೆ ಕೊನೆಗೆ ಮ್ಯಾಪ್ ಆದ ಖಾತೆಗೇ ಹಣ ಹೋಗುತ್ತದೆ. ನನ್ನ ರೂಮ್‌ಮೇಟ್‌ದು ಅವನೇ ಮರೆತುಬಿಟ್ಟಿದ್ದ ಒಂದು ಖಾತೆಯಲ್ಲಿ ಬಿದ್ದಿತ್ತು. ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣವನ್ನೂ ಬೇಗ ಮಾಡಿಸಿಕೊಳ್ಳಿ, ಕೊನೆಯ ವಾರದಲ್ಲಿ ಆ ಕೊಠಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ.

ಇಬ್ಬರು ಮಕ್ಕಳನ್ನು ಓದಿಸಿದ ತಂದೆ, ಹಾವೇರಿ ಕಡೆ: ಅರಿವು ಅಂದ್ರ ಸಾಲಾನ ರೀ, ಆದ್ರ ಬಡ್ಡಿ ಶೇಕಡಾ 2 ಅಷ್ಟ. ನಿಮಗ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದಾಗ ಬರ್ತದ. ವಿಶ್ವಕರ್ಮ, ಉಪ್ಪಾರ, ಮಡಿವಾಳ ಹಿಂಗ ಕೆಲವು ಸಮಾಜಕ್ಕ ಬ್ಯಾರೆ ನಿಗಮ ಅದಾವ, ನಿಮ್ಮದು ಯಾವುದ್ರಾಗ ಬರ್ತದ ಅಂತ ಮೊದಲ ಜಿಲ್ಲಾ ಕಚೇರಿಯಾಗ ಕೇಳ್ರಿ. ಅಲ್ಪಸಂಖ್ಯಾತರಿಗೆ ಅವರ ನಿಗಮ ಕೆಎಂಡಿಸಿಯಾಗ ಇದ. ಅರ್ಜಿ ವರ್ಷಪೂರ್ತಿ ತೆರದಿರಂಗಿಲ್ಲ. ಒಂದ ಮಾತು ಗಟ್ಟಿ ಮಾಡ್ಕೊಳ್ರಿ: ಈ ರೊಕ್ಕ ನಂಬಿ ಮೊದಲ ವರ್ಷದ ಫೀಸು ಕಟ್ಟಾಕ ಆಗೂದಿಲ್ಲ, ಅದು ಬರೂದು ತಡ.

ನಿವೃತ್ತ ಬ್ಯಾಂಕ್ ಅಧಿಕಾರಿ: ಮೇಲಿನವರು ಹೇಳಿದ್ದು ಸರಿ. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಫೀಸು ಕಟ್ಟಲು ಕೊಡುವುದು ಕೆಲವೇ ದಿನ, ಬ್ಯಾಂಕ್ ಸಾಲ ಅಷ್ಟರಲ್ಲಿ ಕೈಗೆ ಬರುವುದಿಲ್ಲ. ಮೊದಲ ಕಂತನ್ನು ಮನೆಯಿಂದಲೋ ಸಂಬಂಧಿಕರಿಂದಲೋ ಹೊಂದಿಸಿ ಸೀಟು ಉಳಿಸಿಕೊಳ್ಳಿ, ರಸೀದಿ ಜೋಪಾನವಾಗಿಡಿ. ಕಟ್ಟಿದ ಫೀಸನ್ನು ಸಾಲದಲ್ಲಿ ಮರಳಿಸುತ್ತೀರಾ ಅಂತ ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಎಲ್ಲ ಬ್ಯಾಂಕಿನಲ್ಲೂ ಒಂದೇ ಪದ್ಧತಿ ಇಲ್ಲ.

ಇನ್ನು ವಿದ್ಯಾಲಕ್ಷ್ಮಿ. ಈ ಹೆಸರಿನಲ್ಲಿ ಜನ ಎರಡನ್ನು ಕಲಸಿಬಿಡುತ್ತಾರೆ. 2015ರಿಂದ ಇರುವುದು ಬ್ಯಾಂಕುಗಳಿಗೆ ಅರ್ಜಿ ಕಳಿಸುವ ಪೋರ್ಟಲ್. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಪಿಎಂ ವಿದ್ಯಾಲಕ್ಷ್ಮಿ ಎಂಬ ಯೋಜನೆ. ಯೋಜನೆ ಎಲ್ಲ ಕಾಲೇಜಿಗೂ ಅನ್ವಯಿಸುವುದಿಲ್ಲ. ಮೊದಲ ಪಟ್ಟಿಯಲ್ಲಿದ್ದದ್ದು 860 ಸಂಸ್ಥೆ. ಈಗಿನ ಪಟ್ಟಿಯಲ್ಲಿ ತಂಗಿಯ ಕಾಲೇಜು ಇದೆಯೇ ನೋಡಿ. ಇದ್ದರೆ ಜಾಮೀನಿಲ್ಲದೆ ಸಾಲ. 7.5 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 75ರಷ್ಟು ಖಾತರಿಯನ್ನು ಸರ್ಕಾರವೇ ಬ್ಯಾಂಕಿಗೆ ಕೊಡುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಸಿಗದು.

ಪಟ್ಟಿಯಲ್ಲಿ ಇಲ್ಲದಿದ್ದರೂ ಗಾಬರಿ ಬೇಡ. ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಜಾಮೀನೂ ಇಲ್ಲ, ಕೈಯಿಂದ ಹಾಕುವ ಪಾಲೂ ಇಲ್ಲ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಗುಣಮಟ್ಟದ ಮಾನ್ಯತೆ ಇದ್ದರೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಿಮ್ಮ ಮನೆಗೆ ಮುಖ್ಯವಾದದ್ದು ಇದೇ. ಕೌಂಟರ್‌ನಲ್ಲಿ ತಾವಾಗಿ ಹೇಳುವವರು ಕಡಿಮೆ, ಸಾಲದ ಅರ್ಜಿ ಕೊಡುವಾಗಲೇ ಬಡ್ಡಿ ಸಹಾಯಧನದ ಮಾತು ಎತ್ತಿ. ನಡುವೆ ಓದು ಬಿಟ್ಟರೆ ಆ ಸೌಲಭ್ಯ ಹೋಗುತ್ತದೆ, ಕಾಯಿಲೆಯ ಕಾರಣಕ್ಕೆ ಮಾತ್ರ ವಿನಾಯಿತಿ.

ಸಹಾಯಧನ ಸಿಗದವರಿಗೆ ಒಂದು ಲೆಕ್ಕ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇಕಡಾ 10 ಅಂತಿಟ್ಟುಕೊಳ್ಳಿ. ಓದುವಾಗ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಕಂತು ಶುರುವಾಗುವ ದಿನ ಬಾಕಿ 4 ಲಕ್ಷವಲ್ಲ, 5 ಲಕ್ಷದ 40 ಸಾವಿರ. ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ಆಮೇಲೆ ಪ್ರತಿ ಹೊಸ ಲಕ್ಷಕ್ಕೂ ಅಷ್ಟೇ ಸೇರಿಸಿ ಕಟ್ಟುತ್ತಾ ಹೋದರೆ ಈ ಗುಡ್ಡ ಬೆಳೆಯುವುದಿಲ್ಲ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಶೇಕಡಾ 1 ರಿಯಾಯಿತಿ ಕೊಡುವ ಅವಕಾಶವೂ ಮಾದರಿ ಯೋಜನೆಯಲ್ಲಿದೆ, ಕೇಳಿ ಪಡೆಯಿರಿ.

ಹಾವೇರಿ ತಂದೆ: ಸರ್, ನಮ್ಮ ಕಡೆ ಒಂದು ಶಾಖೆಯವರು ‘ನಿಮ್ಮೂರು ನಮ್ಮ ಸರ್ವಿಸ್ ಏರಿಯಾದಾಗ ಬರಂಗಿಲ್ಲ’ ಅಂತ ಅರ್ಜಿನ ತಗೊಳ್ಳಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ: ಆ ಕಾರಣ ಕೊಟ್ಟು ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಸುತ್ತೋಲೆ ಹೊರಡಿಸಿದೆ. ಬಾಯಿಮಾತಿನಲ್ಲಿ ಇಲ್ಲ ಅಂದರೆ ಸುಮ್ಮನೆ ಬರಬೇಡಿ, ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಹಾಕಿ. ತಿರಸ್ಕರಿಸಿದ್ದು ಅಲ್ಲಿ ದಾಖಲಾಗುತ್ತದೆ.

ಸಾಲ ತೀರಿಸುತ್ತಿರುವ ನೌಕರಿಯಾಕೆ: ನನ್ನದೆರಡು ಮಾತು. ನಾನು ಸಾಲ ಪಡೆದ ಶಾಖೆಯಲ್ಲಿ ವಿಮೆ ಕಡ್ಡಾಯ ಅಂದು ಪ್ರೀಮಿಯಮ್ಮನ್ನೂ ಸಾಲಕ್ಕೇ ಸೇರಿಸಿದರು, ಈಗ ಅದಕ್ಕೂ ಬಡ್ಡಿ ಕಟ್ಟುತ್ತಿದ್ದೇನೆ. ವಿಮೆ ಕೆಟ್ಟದ್ದಲ್ಲ, ಮನೆಯವರ ಮೇಲೆ ಹೊರೆ ಬೀಳದಿರಲಿ ಅಂತ ಬೇಕಾಗಬಹುದು. ಆದರೆ ಮೊತ್ತ ಎಷ್ಟು, ಕಂತಿನಲ್ಲಿ ಕಟ್ಟಬಹುದೇ ಅಂತ ಸಹಿಗೆ ಮುಂಚೆ ಕೇಳಿ. ಎರಡನೆಯದು, ಅಪ್ಪನ ಬೆಳೆಸಾಲ ಸುಸ್ತಿಯಾಗಿದ್ದರೆ ಸಹ-ಸಾಲಗಾರರ ಸಾಲದ ದಾಖಲೆಯಾದ ಸಿಬಿಲ್‌ನಲ್ಲಿ ಅದು ಎದ್ದು ಕಾಣುತ್ತದೆ. ನವೀಕರಿಸಿಕೊಂಡೇ ಅರ್ಜಿ ಹಾಕಿ.

ತಂಗಿಗೆ ಕೆಲಸ ಸಿಕ್ಕಮೇಲೆ ಕಟ್ಟುವ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಅದು ಮುಂದಿನ ಮಾತು ಬಿಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಕಾಲೇಜು ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿ ಇಲ್ಲ, ಎನ್‌ಬಿಎ ಇದೆ. ಮಾವನ ಹತ್ತಿರ ಕೈಗಡ ತಂದು ಫೀಸು ಕಟ್ಟುತ್ತೇವೆ. ನಾಳೆ ಬ್ಯಾಂಕಿಗೆ ಹೋಗುವಾಗ ಏನೇನು ಒಯ್ಯಬೇಕು?

ನಿವೃತ್ತ ಬ್ಯಾಂಕ್ ಅಧಿಕಾರಿ: ಸೀಟು ಹಂಚಿಕೆ ಪತ್ರ, ಕಾಲೇಜಿನ ಬೋನಾಫೈಡ್, ನಾಲ್ಕೂ ವರ್ಷದ ಫೀಸಿನ ವಿವರ ಕಾಲೇಜಿನ ಮುದ್ರೆ ಸಮೇತ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಹಣಿ, ಇಬ್ಬರ ಆಧಾರ್, ಪ್ಯಾನ್. ಹಾಸ್ಟೆಲ್ ಖರ್ಚನ್ನೂ ಆ ವಿವರದಲ್ಲೇ ಬರೆಸಿ. ಮಂಜೂರಾದ ಮೇಲೆ ಹೊಸದಾಗಿ ಸೇರಿಸಲು ಒಪ್ಪುವುದು ಕಷ್ಟ.